ಹತ್ತು ಜನ ಬರ್ತೀವಿ ಅಂದರು, ಬಂದವರು ಏಳು

ಬೆಂಗಳೂರಿನ ಯಾವ ಬಡಾವಣೆಯಲ್ಲೇ ಆಗಲಿ, ವಾರದ ಆಟ ನಿಂತಿರುವುದು ಒಬ್ಬರ ಮೇಲೆ. ಟರ್ಫ್‌ಗೆ, ಅಂದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕೃತಕ ಹುಲ್ಲಿನ ಮೈದಾನಕ್ಕೆ, ಫೋನ್ ಮಾಡುವವರು, ಅಡ್ವಾನ್ಸ್ ಕಟ್ಟುವವರು, ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಯಾರ್ಯಾರು ಬರ್ತೀರಾ’ ಎಂದು ಕೇಳುವವರು, ಆಟ ಮುಗಿದು ಮೂರು ದಿನವಾದರೂ ದುಡ್ಡಿಗೆ ಬೆನ್ನು ಬೀಳುವವರು ಎಲ್ಲ ಒಬ್ಬರೇ. ಸ್ಥಳೀಯ ಆಟಗಳಿಗೆ ಆ್ಯಪ್ ಮಾಡಹೊರಟ ತಂಡಗಳು ಮಾತ್ರ ಬಹುತೇಕ ಆಟಗಾರನಿಂದ ಶುರುಮಾಡುತ್ತವೆ: ನಕ್ಷೆ, ಹತ್ತಿರದ ಮೈದಾನ, ಪ್ರೊಫೈಲ್ ಚಿತ್ರ, ಬ್ಯಾಡ್ಜು. ಆಟ ಕೂಡಿಸುವವರು ಬೇಸತ್ತು ವಾಟ್ಸ್ಆ್ಯಪ್‌ಗೆ ಮರಳಿದರೆ ಅವರ ಹಿಂದೆಯೇ ಹನ್ನೆರಡು ಜನ ಹೊರಡುತ್ತಾರೆ. ಆದ್ದರಿಂದ ವಿನ್ಯಾಸ ಕೂಡಿಸುವವರ ಸಂಕಟದಿಂದಲೇ ಹೊರಡಬೇಕು.

ಆ ಸಂಕಟದ ಲೆಕ್ಕ ಸರಳ. ಐದೈದು ಜನರ ಫುಟ್‌ಬಾಲ್, ಟರ್ಫ್ ಬಾಡಿಗೆ ಗಂಟೆಗೆ 1,500 ರೂಪಾಯಿ ಎನ್ನಿ. ಹತ್ತು ಜನರಾದರೆ ತಲೆಗೆ 150. ಮೂವರು ಕೈಕೊಟ್ಟರೆ ಬಂದ ಏಳು ಜನರಿಂದ ಸಿಗುವುದು 1,050. ಉಳಿದ 450 ಕೂಡಿಸಿದವರ ಜೇಬಿನಿಂದ. ‘ಬಂದವರೇ ಹಂಚಿಕೊಳ್ಳೋಣ’ ಎಂದರೆ ತಲೆಗೆ 214, ಅಂದರೆ ಹೇಳಿದ ಮಾತಿಗೆ ತಪ್ಪದೆ ಬಂದವರಿಗೆ 64 ರೂಪಾಯಿ ದಂಡ. ಮುಂದಿನ ವಾರ ಅವರೂ ಯೋಚಿಸುತ್ತಾರೆ. ಕೊನೆಯಲ್ಲಿ ಎಣಿಸಿ ಹಂಚುವ ಪದ್ಧತಿಯನ್ನು ಆ್ಯಪ್ ಒಳಗೆ ತರಲೇಬಾರದು. ಜಾಗ ಹಿಡಿದ ಕ್ಷಣದಲ್ಲಿ ಕಂಡ ದರವೇ ಕೊನೆಯ ದರ. ಗಡುವಿನ ನಂತರ ಬಿಟ್ಟವರ ಜಾಗಕ್ಕೆ ಬೇರೊಬ್ಬರು ಬಂದರೆ ಹಣ ವಾಪಸ್, ಬರದಿದ್ದರೆ ಇಲ್ಲ. ಈ ಒಂದು ಸಾಲು ‘ಬರ್ತೀನಿ’ ಗುಂಡಿಯ ಮೇಲೆಯೇ ಕಾಣಬೇಕು; ನಿಯಮಗಳ ಪುಟದಲ್ಲಿ ಹೂತಿಟ್ಟರೆ ಜಗಳ ಖಂಡಿತ.

ಜನರ ಸಂಖ್ಯೆಗೆ ಒಂದೇ ಖಾನೆ ಸಾಲದು, ಮೂರು ಬೇಕು: ಇಷ್ಟಾದರೂ ಇಲ್ಲದಿದ್ದರೆ ಆಟವಿಲ್ಲ, ಇಷ್ಟಿದ್ದರೆ ಚೆನ್ನ, ಇದಕ್ಕಿಂತ ಹೆಚ್ಚು ಬೇಡ. ಐದೈದರ ಫುಟ್‌ಬಾಲ್‌ಗೆ 8, 10, 12. ಬ್ಯಾಡ್ಮಿಂಟನ್ ಡಬಲ್ಸ್‌ಗೆ ಒಂದು ಕೋರ್ಟ್ ಎಂದರೆ ನಾಲ್ವರೇ ಅಲ್ಲ. ಆರು ಜನ ಸರದಿಯಲ್ಲಿ ಆಡಿದರೆ ಒಬ್ಬೊಬ್ಬರು ಮೂರನೇ ಒಂದು ಪಾಲು ಸಮಯ ಕೂರುತ್ತಾರೆ, ಅದು ದಣಿವಾರಿಸಿಕೊಳ್ಳಲು ಹಿತ. ಎಂಟಾದರೆ ಅರ್ಧ ಸಮಯ ಬೆಂಚಿನ ಮೇಲೆ. ಕಬಡ್ಡಿಗೆ ಅಂಕಣದಲ್ಲಿ ಏಳು, ಹೊರಗೆ ಐವರು ಬದಲಿ. ಆಟದ ಹೆಸರು ಆರಿಸಿದ ಕೂಡಲೇ ಈ ಅಂಕಿಗಳು ತಾವಾಗಿ ತುಂಬಿಕೊಳ್ಳಬೇಕು, ತಿದ್ದಲು ಬಿಡಬೇಕು.

ಗುಂಡಿಗಳ ವಿಷಯದಲ್ಲಿ ಕಟುವಾಗಿರುವುದು ಒಳ್ಳೆಯದು. ‘ಬರ್ತೀನಿ’, ‘ಬರಲ್ಲ’, ಜಾಗ ತುಂಬಿದ್ದರೆ ‘ಕಾಯ್ತೀನಿ’. ‘ನೋಡ್ತೀನಿ’ ಎಂಬ ನಾಲ್ಕನೆಯದನ್ನು ಕೊಟ್ಟರೆ ಅರ್ಧ ಜನ ಅದನ್ನೇ ಒತ್ತುತ್ತಾರೆ, ಏಕೆಂದರೆ ನಮ್ಮಲ್ಲಿ ‘ನೋಡೋಣ’ ಎಂದರೆ ‘ಇಲ್ಲ’ ಎನ್ನುವ ಮರ್ಯಾದಸ್ಥ ರೂಪ. ಕೊಡಲೇಬೇಕಾದರೆ ಅದನ್ನು ಎಣಿಕೆಗೆ ಸೇರಿಸದೆ, ನಾಳೆ ನೆನಪಿಸುವ ಕೋರಿಕೆಯಾಗಿ ಮಾತ್ರ ಇಡಿ.

ಹೆಚ್ಚಿನವರು ಎಡವುವುದು ಗಡುವಿನಲ್ಲಿ. ಟರ್ಫ್‌ನವರು 24 ಗಂಟೆ ಮೊದಲು ರದ್ದು ಮಾಡಿದರೆ ಮಾತ್ರ ಹಣ ಮರಳಿಸುತ್ತಾರೆ ಎಂದುಕೊಳ್ಳಿ. ಆಟಗಾರರಿಗೂ ಅದೇ 24 ಗಂಟೆಯ ಗಡುವು ಕೊಟ್ಟರೆ, ಕೊನೆಯ ಐದು ನಿಮಿಷದಲ್ಲಿ ನಾಲ್ವರು ಹೊರನಡೆದಾಗ ಕೂಡಿಸಿದವರಿಗೆ ಉಳಿಯುವುದು ಆ ಐದೇ ನಿಮಿಷ. ಆಟಗಾರರ ಗಡುವು 30 ಗಂಟೆ ಮೊದಲೇ ಮುಗಿಯಲಿ. ಆಟಕ್ಕೆ 26 ಗಂಟೆ ಇರುವಾಗ ಕೂಡಿಸಿದವರಿಗೆ ‘ಎಂಟು ಬೇಕಿತ್ತು, ಆರು ಜನ ಇದ್ದಾರೆ. ನಡೆಸೋದಾ, ರದ್ದು ಮಾಡೋದಾ?’ ಎಂದು ಕೇಳಲಿ. ಇಲ್ಲೊಂದು ಹೊಂಡವಿದೆ: ಭಾನುವಾರ ಬೆಳಿಗ್ಗೆ 6ರ ಆಟಕ್ಕೆ 26 ಗಂಟೆ ಹಿಂದೆ ಎಣಿಸಿದರೆ ಶನಿವಾರ ಬೆಳಗಿನ ಜಾವ 4. ಯಾರೂ ಎದ್ದಿರುವುದಿಲ್ಲ. ಲೆಕ್ಕ ಹಾಕಿದ ಸಮಯ ರಾತ್ರಿ 10ರಿಂದ ಬೆಳಿಗ್ಗೆ 7ರ ನಡುವೆ ಬಿದ್ದರೆ ಹಿಂದಿನ ಸಂಜೆಗೆ ತಳ್ಳಬೇಕು: ಶುಕ್ರವಾರ ಸಂಜೆ 8ಕ್ಕೆ ಆಟಗಾರರ ಗಡುವು, 9ಕ್ಕೆ ಪ್ರಶ್ನೆ.

ಕಾಯುವ ಪಟ್ಟಿಗೂ ಗಡಿಯಾರವೇ ದೊರೆ. ಒಂದು ದಿನಕ್ಕಿಂತ ಹೆಚ್ಚು ಸಮಯವಿದ್ದರೆ ಪಟ್ಟಿಯ ಮೊದಲನೆಯವರನ್ನು ಮಾತ್ರ ಕೇಳಿ, ಎರಡು ಗಂಟೆ ಕೊಡಿ, ಉತ್ತರ ಬರದಿದ್ದರೆ ಮುಂದಿನವರು. ಆರು ಗಂಟೆಯಷ್ಟೇ ಉಳಿದಿದ್ದರೆ ಎಲ್ಲರಿಗೂ ಒಟ್ಟಿಗೆ ಕಳಿಸಿ, ಮೊದಲು ಒತ್ತಿದವರಿಗೆ ಜಾಗ. ಯಾರನ್ನೂ ಕೇಳದೆ ಪಟ್ಟಿಯಿಂದ ಒಳಗೆ ಸೇರಿಸಬೇಡಿ. ಕಾಯುತ್ತಿದ್ದವರು ಅಷ್ಟರಲ್ಲಿ ಮದುವೆ ಮನೆಗೆ ಹೊರಟಿರುತ್ತಾರೆ, ಪಟ್ಟಿಯಲ್ಲಿ ಹತ್ತು, ಮೈದಾನದಲ್ಲಿ ಒಂಬತ್ತು.

ಎಲ್ಲರಿಗೂ ಒಟ್ಟಿಗೆ ಕಳಿಸಿದಾಗ ಒಂದೇ ಜಾಗಕ್ಕೆ ಒಂದೇ ಸೆಕೆಂಡಿನಲ್ಲಿ ಇಬ್ಬರು ಒತ್ತುವುದು ಅಪರೂಪವಲ್ಲ. ಖಾಲಿ ಇದೆಯೇ ಎಂದು ಮೊದಲು ಓದಿ, ಆಮೇಲೆ ಬರೆಯುವ ಕೋಡ್ ಇಬ್ಬರಿಗೂ ‘ಸಿಕ್ಕಿತು’ ಎನ್ನುತ್ತದೆ. ‘ತುಂಬಿದ್ದು ಮಿತಿಗಿಂತ ಕಡಿಮೆಯಿದ್ದರೆ ಮಾತ್ರ ಒಂದು ಹೆಚ್ಚಿಸು’ ಎಂಬ ಒಂದೇ ಅಪ್‌ಡೇಟ್ ಆಜ್ಞೆಯಲ್ಲಿ ಡೇಟಾಬೇಸ್‌ಗೇ ಆ ಕೆಲಸ ಬಿಡಿ. ನೆಟ್‌ವರ್ಕ್ ನಿಧಾನವೆಂದು ಒಬ್ಬರೇ ಎರಡು ಸಲ ಒತ್ತುವುದಕ್ಕೂ ತಡೆ ಬೇಕು: ಒಂದು ಕೋರಿಕೆಗೆ ಫೋನೇ ಒಂದು ಗುರುತು ಸಂಖ್ಯೆ ಕೊಡಲಿ, ಮತ್ತೆ ಒತ್ತಿದರೂ ಅದನ್ನೇ ಕಳಿಸಲಿ, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹಳೆಯ ಉತ್ತರವನ್ನೇ ಕೊಡಲಿ.

ಹಣಕ್ಕೆ ಬರೋಣ. ಅಗ್ಗದ ದಾರಿ ಎಂದರೆ ಕೂಡಿಸುವವರ ಯುಪಿಐ ವಿಳಾಸ, ಮೊತ್ತ, ಆಟದ ಹೆಸರು ಸೇರಿಸಿದ ಕೊಂಡಿ ಅಥವಾ ಕ್ಯೂಆರ್. ಕಮಿಷನ್ ಇಲ್ಲ. ಆದರೆ ಖಾಸಗಿ ಖಾತೆಗೆ ಹೋದ ಹಣ ತಲುಪಿತೋ ಇಲ್ಲವೋ ಆ್ಯಪ್‌ಗೆ ಖಚಿತವಾಗಿ ತಿಳಿಯುವುದಿಲ್ಲ. ಕೂಡಿಸಿದವರೇ ‘ಬಂತು’ ಎಂದು ಗುರುತು ಹಾಕಬೇಕು. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಕಲೆಕ್ಟ್ ಕೋರಿಕೆಯನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದರಿಂದ ಆ ದಾರಿಯೂ ಮುಚ್ಚಿದೆ. ಎರಡನೆಯ ದಾರಿ ಪೇಮೆಂಟ್ ಗೇಟ್‌ವೇ, ಅಂದರೆ ಆ್ಯಪ್ ಪರವಾಗಿ ಆನ್‌ಲೈನ್ ಪಾವತಿ ಪಡೆದು ತಿಳಿಸುವ ಸೇವೆ. ಶುಲ್ಕವಿದೆ, ಆದರೆ ಹಣ ಬಂದದ್ದು ಖಚಿತ. ಹಾಗೆಂದು ಎಲ್ಲರ ಹಣವನ್ನು ನಿಮ್ಮದೇ ಖಾತೆಗೆ ಹಾಕಿಸಿಕೊಂಡು ಟರ್ಫ್‌ನವರಿಗೆ ಹಂಚಲು ಹೋಗಬೇಡಿ. ಬೇರೆಯವರ ಹಣ ಸಂಗ್ರಹಿಸಿ ದಾಟಿಸುವುದು ರಿಸರ್ವ್ ಬ್ಯಾಂಕಿನ ಪೇಮೆಂಟ್ ಅಗ್ರಿಗೇಟರ್ ನಿಯಮಗಳ ಅಡಿಗೆ ಬರುವ ಕೆಲಸ. ಅನುಮತಿ ಪಡೆದ ಸಂಸ್ಥೆಯ ಮೂಲಕ ಹಣ ನೇರ ಹಂಚಿಕೆಯಾಗುವಂತೆ ಮಾಡಿ.

ಗೇಟ್‌ವೇಯಲ್ಲಿ ಕಾಡುವುದು ‘ಪೆಂಡಿಂಗ್’, ಹಣ ಹೋಯಿತೋ ಇಲ್ಲವೋ ಇನ್ನೂ ತೀರ್ಮಾನವಾಗದ ಸ್ಥಿತಿ. ಪಾವತಿಗೆ ಹೋದವರ ಜಾಗವನ್ನು ಹತ್ತು ನಿಮಿಷ ಹಿಡಿದಿಡಿ. ಹನ್ನೊಂದನೇ ನಿಮಿಷ ಜಾಗ ಬೇರೊಬ್ಬರಿಗೆ ಹೋಗಿ, ಹದಿಮೂರನೇ ನಿಮಿಷ ‘ಹಣ ಬಂತು’ ಎಂಬ ಸಂದೇಶ ಬಂದರೆ? ತಾನಾಗಿ ರೀಫಂಡ್ ಆಗಬೇಕು, ಅವರ ಹೆಸರು ಕಾಯುವ ಪಟ್ಟಿಯ ತಲೆಗೆ ಏರಬೇಕು. ಈ ದಾರಿಯನ್ನು ಮೊದಲ ದಿನವೇ ಬರೆದಿಡದಿದ್ದರೆ ನಿಮ್ಮ ಗ್ರಾಹಕ ಸೇವೆಯ ದಿನವೆಲ್ಲ ಇದರಲ್ಲೇ ಕಳೆಯುತ್ತದೆ.

‘ನನ್ನ ಜೊತೆ ಇನ್ನೊಬ್ಬ’ ಎಂಬುದು ನಮ್ಮ ಆಟಗಳಲ್ಲಿ ತಪ್ಪದ ಮಾತು. ಆ ಇನ್ನೊಬ್ಬರಿಗೂ ಹೆಸರು ಇರಲಿ, ಜಾಗ ಎಣಿಕೆಗೆ ಬರಲಿ, ಹಣ ಕರೆತಂದವರ ತಲೆ ಮೇಲಿರಲಿ. ಕರೆತಂದವರು ‘ಬರಲ್ಲ’ ಎಂದಾಗ ‘ನಿಮ್ಮ ಗೆಳೆಯರು ಬರ್ತಾರಾ?’ ಎಂದು ಕೇಳದಿದ್ದರೆ ಪಟ್ಟಿಯಲ್ಲಿ ದೆವ್ವದಂತೆ ಒಂದು ಹೆಸರು ಉಳಿಯುತ್ತದೆ.

ಮೊದಲ ಆಟಕ್ಕೇ ಆ್ಯಪ್ ಹಾಕಿಕೊಳ್ಳಿ ಎಂದು ಒತ್ತಾಯಿಸಬೇಡಿ. ಕೊಂಡಿ ಬ್ರೌಸರಿನಲ್ಲೇ ತೆರೆದು, ಫೋನ್ ಸಂಖ್ಯೆ, ಓಟಿಪಿಯಿಂದ ಜಾಗ ಸಿಗಬೇಕು. ವಾಟ್ಸ್ಆ್ಯಪ್‌ನಲ್ಲಿ ಕೊಂಡಿಯ ಜೊತೆ ಕಾಣುವ ಪುಟ್ಟ ಚೌಕದಲ್ಲಿ ‘3 ಜಾಗ ಖಾಲಿ’ ಎಂದು ಬರೆಸುವ ಆಸೆ ಬೇಡ. ಆ ಚೌಕ ಕಳಿಸಿದ ಹೊತ್ತಿನಲ್ಲೇ ಅಚ್ಚಾಗಿಬಿಡುತ್ತದೆ, ಆಟ ತುಂಬಿದ ಮೇಲೂ ಮೂರು ಜಾಗ ಖಾಲಿಯೇ. ಸ್ಥಳ, ದಿನ, ಸಮಯ, ದರ ಸಾಕು. ನೋಟಿಫಿಕೇಶನ್‌ಗೆ ಆಂಡ್ರಾಯ್ಡ್ 13ರಿಂದ ಬಳಕೆದಾರರ ಒಪ್ಪಿಗೆ ಬೇಕು. ಆ್ಯಪ್ ತೆರೆದ ಕೂಡಲೇ ಕೇಳಿದರೆ ‘ಬೇಡ’ ಎನ್ನುತ್ತಾರೆ. ‘ಬರ್ತೀನಿ’ ಒತ್ತಿದ ಮೇಲೆ ‘ಮಳೆಯಿಂದ ರದ್ದಾದರೆ ತಿಳಿಸೋದಾ?’ ಎಂದು ಕೇಳಿದರೆ ‘ಹೂಂ’ ಎನ್ನುತ್ತಾರೆ.

ಸಮಯವನ್ನು ಬರೆಯುವಾಗ ಎಚ್ಚರ. ‘ಶುಕ್ರವಾರ ರಾತ್ರಿ 12:30’ ಎಂದರೆ ಅರ್ಧ ಜನ ಒಂದು ದಿನ ಮೊದಲೇ ಬಂದು ನಿಲ್ಲುತ್ತಾರೆ. ‘ಶುಕ್ರವಾರ ಮಧ್ಯರಾತ್ರಿ ಕಳೆದು 12:30, ಶನಿವಾರ’ ಎಂದು ಉದ್ದವಾದರೂ ಬರೆಯಿರಿ. ನಕ್ಷೆಯ ಗುರುತು ಮೈದಾನದ ನಡುವೆ ಅಲ್ಲ, ಗೇಟಿನ ಮೇಲೆ ಇರಲಿ. ಕಟ್ಟಡದ ತಾರಸಿಯ ಮೇಲಿನ ಟರ್ಫ್‌ಗಳಿಗೆ ‘ಹಿಂದಿನ ಲಿಫ್ಟ್, 4ನೇ ಮಹಡಿ’ ಎಂಬ ಒಂದು ಸಾಲು ಹತ್ತು ಫೋನ್ ಕರೆ ಉಳಿಸುತ್ತದೆ.

ಕನ್ನಡದಲ್ಲಿ ಆ್ಯಪ್ ಮಾಡುವವರಿಗೆ ಒಂದು ವಿಶೇಷ ಬಲೆಯಿದೆ. ಏಕವಚನ, ಬಹುವಚನ ಆರಿಸುವ ಯೂನಿಕೋಡ್‌ನ ಸಿಎಲ್‌ಡಿಆರ್ (ಆ್ಯಪ್‌ಗಳು ಬಳಸುವ ಭಾಷಾ ಮಾಹಿತಿಯ ಸಂಗ್ರಹ) ನಿಯಮದ ಪ್ರಕಾರ ಕನ್ನಡದಲ್ಲಿ ಸೊನ್ನೆಯೂ ಒಂದೂ ಒಂದೇ ವರ್ಗ. ಏಕವಚನದ ಜಾಗದಲ್ಲಿ ‘ಒಂದೇ ಜಾಗ ಉಳಿದಿದೆ’ ಎಂದು ಅಕ್ಷರದಲ್ಲಿ ಬರೆದಿಟ್ಟರೆ, ಜಾಗ ಪೂರ್ತಿ ತುಂಬಿದಾಗಲೂ ಪರದೆ ‘ಒಂದೇ ಜಾಗ ಉಳಿದಿದೆ’ ಎನ್ನುತ್ತದೆ. ಇಂಗ್ಲಿಷಿನಲ್ಲಿ ಪರೀಕ್ಷಿಸಿದವರಿಗೆ ಈ ದೋಷ ಕಾಣುವುದೇ ಇಲ್ಲ. ಸೊನ್ನೆಯನ್ನು ಬೇರೆಯಾಗಿ ಹಿಡಿದು ‘ಭರ್ತಿಯಾಗಿದೆ’ ಎಂದು ಬರೆಸಿ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲಿನ ಎತ್ತರ ಅಕ್ಷರ ಗಾತ್ರದ ಒಂದೂವರೆ ಪಟ್ಟಾದರೂ ಇರಲಿ. ಇಲ್ಲವಾದರೆ ಗುಂಡಿಯೊಳಗೆ ‘ಫುಟ್ಬಾಲ್’ನ ಬಾವತ್ತು ಕತ್ತರಿಸಿಹೋಗುತ್ತದೆ. ಇನ್ನು ‘ಭಾಗವಹಿಸುವಿಕೆಯನ್ನು ದೃಢೀಕರಿಸಿ’ ಎಂದು ಬರೆಯುವವರಿಗೆ ಹೇಳುವುದಿಷ್ಟೆ: ಯಾರೂ ಹಾಗೆ ಮಾತಾಡುವುದಿಲ್ಲ.

ಕರಾವಳಿಯ ಹೊನಲು ಬೆಳಕಿನ ಕಬಡ್ಡಿ, ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾವಳಿಗಳಿಗೆ ಇದೇ ಆ್ಯಪ್ ಹಿಗ್ಗಿಸಬಹುದೇ? ಕಷ್ಟ. ಅಲ್ಲಿ ನೋಂದಣಿ ವ್ಯಕ್ತಿಯದಲ್ಲ, ತಂಡದ್ದು, ಬೇಕಾಗುವುದು ಯಾರಿಗೆ ಯಾರು ಎದುರಾಳಿ ಎಂಬ ಡ್ರಾ. ಹನ್ನೊಂದು ತಂಡದ ನಾಕೌಟ್‌ಗೆ ಐದು ಬೈ (ಆಡದೆಯೇ ಮುಂದಿನ ಸುತ್ತಿಗೆ), ಹತ್ತು ಪಂದ್ಯ. ಅದು ಬೇರೆಯೇ ಆ್ಯಪ್.

ತಂಡ ಹಂಚುವ ಕೆಲಸ ಮಾತ್ರ ಇದರೊಳಗೇ ಇರಲಿ. ಆಟಗಾರರೇ ತಮಗೆ ತಾವು ಕೊಟ್ಟುಕೊಂಡ ‘ಮಧ್ಯಮ’, ‘ಉತ್ತಮ’ಗಳನ್ನು ನಂಬಬೇಡಿ. ಕೂಡಿಸುವವರು ಹತ್ತು ಜನರನ್ನು ಬಲದ ಕ್ರಮದಲ್ಲಿ ಎಳೆದು ಜೋಡಿಸಲಿ (1 ಎಂದರೆ ಎಲ್ಲರಿಗಿಂತ ಬಲಶಾಲಿ, ಹಾಗಾಗಿ ಮೊತ್ತ ಕಡಿಮೆಯಾದಷ್ಟೂ ತಂಡ ಬಲಿಷ್ಠ), ಆ ಕ್ರಮ ಬೇರೆ ಯಾರಿಗೂ ಕಾಣದಿರಲಿ. 1, 4, 5, 8, 9 ಒಂದು ಕಡೆ. 2, 3, 6, 7, 10 ಇನ್ನೊಂದು ಕಡೆ. ಮೊತ್ತ 27 ಮತ್ತು 28. ಒಂದು ಬಿಟ್ಟು ಒಂದು ಹಂಚಿದರೆ 25 ಮತ್ತು 30 ಆಗಿ ಮೊದಲ ತಂಡವೇ ಮೇಲುಗೈ. ಗೋಲ್‌ಕೀಪರ್ ಇಬ್ಬರಿದ್ದರೆ ಮೊದಲು ಅವರನ್ನು ಬೇರ್ಪಡಿಸಿ ಆಮೇಲೆ ಉಳಿದವರನ್ನು ಹಂಚಿ. ಯಾರು ಬಂದರು ಎಂಬ ಹಾಜರಿಯನ್ನು ಆಟ ಶುರುವಾಗಿ ಹತ್ತು ನಿಮಿಷಕ್ಕೆ ಕೇಳಬೇಡಿ, ಆಗ ಫೋನ್ ಚೀಲದಲ್ಲಿರುತ್ತದೆ. ಮುಗಿದ ಹತ್ತು ನಿಮಿಷಕ್ಕೆ, ಎಲ್ಲರೂ ನೀರು ಕುಡಿಯುತ್ತಿರುವಾಗ ಕೇಳಿ: ಎಲ್ಲ ಹೆಸರಿಗೂ ಮೊದಲೇ ‘ಬಂದರು’ ಎಂದಿರಲಿ, ಬಾರದವರ ಹೆಸರನ್ನಷ್ಟೇ ಒತ್ತಿದರೆ ಸಾಕಾಗಲಿ.