ರಾತ್ರಿಯ ಸೋರಿಕೆಯನ್ನು ಸುಮ್ನೆ 24ರಿಂದ ಗುಣಿಸಬೇಡಿ

ಹಳ್ಳಿಯ ನೀರು ಸರಬರಾಜಿನಲ್ಲಿ ಸೆನ್ಸರ್ ಇಟ್ಟು ಸೋರಿಕೆ ಹಿಡಿಯುವ ಪಾಠದಲ್ಲಿ ಒಂದು ಲೆಕ್ಕ ನನ್ನನ್ನು ಎರಡು ದಿನ ಕಾಡಿಸಿತು. ಈಗ ಗಂಟು ಬಿಚ್ಚಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲ ಉಪಾಯ ಸುಲಭ. ರಾತ್ರಿ 2ರಿಂದ 4ರವರೆಗೆ ಊರು ಮಲಗಿರುತ್ತದೆ. ಆಗಲೂ ನೀರು ಹರಿಯುತ್ತಿದ್ದರೆ ಬಹುಪಾಲು ಸೋರಿಕೆಯೇ. ಫ್ಲೋ ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಓವರ್‌ಹೆಡ್ ಟ್ಯಾಂಕಿನಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್ ಇದ್ದರೆ ಸಾಕು. ಆ ಹೊತ್ತಿಗೆ ಪಂಪ್ ಮಾತ್ರ ಆಫ್ ಇರಬೇಕು.

ಟ್ಯಾಂಕಿನ ತಳ 20 ಚದರ ಮೀಟರ್ ಅಂದುಕೊಳ್ಳಿ. ಎರಡು ಗಂಟೆಯಲ್ಲಿ ಮಟ್ಟ 6 ಸೆಂ.ಮೀ. ಇಳಿಯಿತು. ಅಂದರೆ 1,200 ಲೀಟರ್, ಗಂಟೆಗೆ 600. ಮನೆಗಳ ರಾತ್ರಿ ಬಳಕೆಗೆ 100 ಕಳೆದರೆ ಸೋರಿಕೆ ಗಂಟೆಗೆ 500 ಲೀಟರ್. ನಾನು ಇದನ್ನು 24ರಿಂದ ಗುಣಿಸಿ ದಿನಕ್ಕೆ 12,000 ಲೀಟರ್ ಅಂತ ಬರೆದೆ. ತಪ್ಪು!

ಯಾಕೆ? ಹಗಲು ನಲ್ಲಿಗಳೆಲ್ಲ ತೆರೆದಿರುತ್ತವೆ. ನೀರು ಕೊಳವೆಗೆ ಉಜ್ಜಿಕೊಂಡು ಜೋರಾಗಿ ಓಡುತ್ತದೆ, ದಾರಿಯಲ್ಲೇ ಒತ್ತಡ ಕಳೆದುಕೊಳ್ಳುತ್ತದೆ. ರಾತ್ರಿ ನೀರು ಹೆಚ್ಚುಕಡಿಮೆ ನಿಂತಿರುತ್ತದೆ. ಟ್ಯಾಂಕಿನ ಎತ್ತರದ ಒತ್ತಡವೆಲ್ಲ ತೂತಿನ ಮೇಲೇ ಬೀಳುತ್ತದೆ. ಹಾಗಾಗಿ ಅದೇ ತೂತು ರಾತ್ರಿ ಜಾಸ್ತಿ ಸೋರುತ್ತದೆ. ನಾವು ಅಳೆದದ್ದು ದಿನದ ಅತಿ ಹೆಚ್ಚಿನ ಸೋರಿಕೆ, ಅಲ್ವಾ?

ಅದಕ್ಕೇ ಪ್ರೆಶರ್ ಸೆನ್ಸರ್ ಬೇಕು. ರಾತ್ರಿ ಒತ್ತಡ 25 ಮೀಟರ್ (ಅಂದರೆ ಅಷ್ಟು ಎತ್ತರದ ನೀರಿನ ಕಂಬದ ಒತ್ತಡ), ಇಡೀ ದಿನದ ಸರಾಸರಿ 15 ಮೀಟರ್ ಬಂತು ಅನ್ನಿ. ಒತ್ತಡ ಇಳಿದಷ್ಟೇ ಪ್ರಮಾಣದಲ್ಲಿ ಸೋರಿಕೆಯೂ ಇಳಿಯುತ್ತದೆ ಅಂತ ಹಿಡಿದರೆ 500 × 15 ÷ 25, ಗಂಟೆಗೆ 300 ಲೀಟರ್. ದಿನಕ್ಕೆ 7,200. ನನ್ನ ಮೊದಲ ಉತ್ತರದಲ್ಲಿ 4,800 ಲೀಟರ್ ಇಲ್ಲದ ಸೋರಿಕೆ ಸೇರಿತ್ತು!

ತೂತಿನ ಸ್ವಭಾವವನ್ನೂ ನೋಡಬೇಕು. ಕಬ್ಬಿಣದ ಕೊಳವೆಯ ದುಂಡು ತೂತು ಹಿಗ್ಗುವುದಿಲ್ಲ. ಒತ್ತಡ 4 ಪಟ್ಟಾದರೆ ಸೋರಿಕೆ 2 ಪಟ್ಟು. ಪ್ಲಾಸ್ಟಿಕ್ ಕೊಳವೆಯ ಉದ್ದನೆಯ ಬಿರುಕು ಒತ್ತಡಕ್ಕೆ ಬಾಯಿ ಬಿಡುತ್ತದೆ, ಅಲ್ಲಿ 8 ಪಟ್ಟಿನವರೆಗೂ ಹೋಗಬಹುದು. ರಾತ್ರಿ ವಾಲ್ವ್‌ನಿಂದ ಒತ್ತಡ ತಗ್ಗಿಸಿದರೆ ಅಗೆಯದೆಯೇ ನೀರು ಉಳಿಯುವುದು ಇದರಿಂದಲೇ. ನನಗೆ ತುಂಬಾ ಇಷ್ಟವಾದ ಭಾಗ ಇದು.

ಸೋರುವ ಜಾಗ ಹುಡುಕಲು ಶಬ್ದದ ಸೆನ್ಸರ್‌ಗಳಿವೆ. ಪ್ಲಾಸ್ಟಿಕ್‌ನಲ್ಲಿ ಶಬ್ದ ಬೇಗ ಅಡಗುತ್ತದೆ, ಹತ್ತಿರ ಹತ್ತಿರ ಇಡಬೇಕು.

ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಕಡೆ ರಾತ್ರಿ ಕೊಳವೆ ಖಾಲಿ ಇರುತ್ತದೆ, ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ನೀರು ಬಿಟ್ಟು ಕೊಳವೆ ತುಂಬಿದ ಮೇಲೆ ಮನೆಗಳ ವಾಲ್ವ್‌ಗಳನ್ನು ಅರ್ಧ ಗಂಟೆ ಮುಚ್ಚಿ, ಟ್ಯಾಂಕಿನ ಮಟ್ಟ ಎಷ್ಟು ಇಳಿಯಿತು ಅಂತ ನೋಡಬೇಕು.