ಉನ್ಮಾದದ ರೋಗಿಗೆ ಯಾವ ಚುಚ್ಚುಮದ್ದು?

ಸಕಲೇಶಪುರದಿಂದಲೋ ಅರಕಲಗೂಡಿನಿಂದಲೋ ಮನೆಯವರು ಹಿಡಿದುಕೊಂಡು ಹಾಸನದ ಆಸ್ಪತ್ರೆಗೆ ಕರೆತರುವ ರೋಗಿ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಯಾರೋ ಕೊಲ್ಲಲು ಬಂದಿದ್ದಾರೆಂಬ ಭಯ ಅವನಿಗೆ. ಅವನ ಏಟಿನ ಭಯ ಉಳಿದವರಿಗೆ. ವೈದ್ಯರು ಮೊದಲು ಮಾತಿನಿಂದ ಸಮಾಧಾನಪಡಿಸಲು, ಮಾತ್ರೆ ನುಂಗಿಸಲು ನೋಡುತ್ತಾರೆ. ಎರಡೂ ಸಾಗದಿದ್ದರೆ ಸ್ನಾಯುವಿಗೆ ಚುಚ್ಚುಮದ್ದು. ಯಾವುದು ಎಂಬುದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು ಈ ಶತಮಾನದಲ್ಲಿ. ಅದರಲ್ಲಿ ಪಕ್ಕದ ರಾಜ್ಯದ ವೆಲ್ಲೂರಿನ ಪಾಲು ದೊಡ್ಡದು.

1952ರಲ್ಲಿ ಪ್ಯಾರಿಸ್‌ನ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಮನೋರೋಗದ ಮದ್ದನ್ನು ಬಳಕೆಗೆ ತಂದರು. 1958ರಲ್ಲಿ ಬೆಲ್ಜಿಯಂನ ಪಾಲ್ ಜಾನ್ಸೆನ್ ಅವರ ಪ್ರಯೋಗಾಲಯದಲ್ಲಿ ಅದೇ ಕೆಲಸದ ಹ್ಯಾಲೊಪೆರಿಡಾಲ್ ಹುಟ್ಟಿತು. ಅಗ್ಗದ ಮದ್ದು, ಎಲ್ಲೆಡೆ ಹಬ್ಬಿತು. ಆದರೆ ಅದೊಂದನ್ನೇ ಕೊಟ್ಟಾಗ ಕೆಲವರಿಗೆ, ಅದರಲ್ಲೂ ಹರೆಯದ ಗಂಡಸರಿಗೆ, ಕತ್ತು ಒಂದು ಬದಿಗೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ನಾಲಿಗೆ ಹೊರಳುವುದಿಲ್ಲ. ದೆವ್ವ ಮೆಟ್ಟಿದೆಯೆಂದು ಮೊದಲೇ ಅಂಜಿದ ಮನೆಯವರಿಗೆ ಇದನ್ನು ಕಂಡು ಜೀವ ಬಾಯಿಗೆ ಬರುತ್ತದೆ. ರೋಗಿಗೆ ಎಚ್ಚರವಿರುತ್ತದೆ, ನೋವೂ ಇರುತ್ತದೆ. ಆಮೇಲೆ ಆತ ಔಷಧವೇ ಬೇಡವೆಂದರೆ ತಪ್ಪು ಅವನದಲ್ಲ.

ಬ್ರೆಜಿಲ್‌ನ ರಿಯೊದಲ್ಲೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೂ ತುರ್ತು ಚಿಕಿತ್ಸೆಗೆ ಬಂದ ರೋಗಿಗಳ ಮೇಲೆಯೇ ನಡೆದ ನಾಲ್ಕು ಅಧ್ಯಯನಗಳು 2003ರಿಂದ 2007ರೊಳಗೆ ಪ್ರಕಟವಾದವು. ನಾಲ್ಕರಲ್ಲೂ ಇದ್ದದ್ದು ಹ್ಯಾಲೊಪೆರಿಡಾಲ್ ಮತ್ತು ಪ್ರೊಮೆಥಜಿನ್ ಜೋಡಿ. ಪ್ರೊಮೆಥಜಿನ್ ಎಂದರೆ ಅಲರ್ಜಿಗೂ ಘಾಟಿ ರಸ್ತೆಯ ವಾಂತಿಗೂ ಕೊಡುವ ಹಳೆಯ ಮದ್ದು. ರಿಯೊದಲ್ಲಿ ನಿದ್ದೆ ತರಿಸುವ ಮಿಡಜೊಲಾಮ್ ಈ ಜೋಡಿಗಿಂತ ಬೇಗ ಕೆಲಸ ಮಾಡಿತು: 20 ನಿಮಿಷದಲ್ಲಿ ಶೇ 89 ಮಂದಿ ಶಾಂತರಾದರು, ಜೋಡಿ ಮದ್ದಿನಲ್ಲಿ ಶೇ 67. ಆದರೆ ಮಿಡಜೊಲಾಮ್ ಪಡೆದ ಒಬ್ಬರ ಉಸಿರಾಟ ಕುಗ್ಗಿತು. ವೆಲ್ಲೂರಿನ 200 ರೋಗಿಗಳಲ್ಲಿ ಮಿಡಜೊಲಾಮ್‌ನ ಜಾತಿಯದೇ ಆದ ಲೊರಾಜೆಪಾಮ್‌ಗಿಂತ ಜೋಡಿಯೇ ಬೇಗ ಶಾಂತಗೊಳಿಸಿತು, ನಿದ್ದೆಯನ್ನೂ ತಂದಿತು. ಅಲ್ಲಿಯೇ ಇನ್ನೂ 300 ಮಂದಿಯಲ್ಲಿ ಓಲಾಂಜಪಿನ್ ಎಂಬ ಹೊಸ ಕಾಲದ ಮನೋರೋಗದ ಮದ್ದು ಅಷ್ಟೇ ಬೇಗ ಫಲಿಸಿತಾದರೂ ನಾಲ್ಕು ತಾಸಿನೊಳಗೆ ಶೇ 43 ಮಂದಿಗೆ ಮತ್ತೆ ಮದ್ದು ಬೇಕಾಯಿತು; ಜೋಡಿಯಲ್ಲಿ ಶೇ 21 ಮಂದಿಗೆ ಮಾತ್ರ. ಕೊನೆಯದಾಗಿ ರಿಯೊದಲ್ಲಿ ಒಂದು ಗುಂಪಿಗೆ ಜೋಡಿಯನ್ನೂ ಇನ್ನೊಂದು ಗುಂಪಿಗೆ ಹ್ಯಾಲೊಪೆರಿಡಾಲ್ ಒಂದನ್ನೇ ಕೊಟ್ಟು ನೋಡಿದರು. ಕತ್ತು ತಿರುಚುವಂಥ ಸ್ನಾಯು ಸೆಳೆತಕ್ಕೆ ಸಿಕ್ಕ 10 ಮಂದಿಯೂ ಹ್ಯಾಲೊಪೆರಿಡಾಲ್ ಒಂದನ್ನೇ ಪಡೆದವರೇ.

2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯ ಪ್ರಕಾರ ತುರ್ತು ಸಂದರ್ಭದಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ತಾಸಿನವರೆಗೆ ಚಿಕಿತ್ಸೆ ನೀಡಬಹುದು, ಮನೋವೈದ್ಯರೇ ಆಗಬೇಕೆಂದಿಲ್ಲ. ಹಾಗಿರುವಾಗ ಬೇಲೂರು, ಮೂಡಿಗೆರೆಯಂಥ ತಾಲ್ಲೂಕು ಆಸ್ಪತ್ರೆಗಳಲ್ಲೂ ಈ ಎರಡು ಮದ್ದು ಒಟ್ಟಿಗೆ ಸಿಗಲೇಬೇಕು. ಸೂಜಿ ಚುಚ್ಚಿದ ಮೇಲೆ ನಾಡಿ, ರಕ್ತದೊತ್ತಡ, ಉಸಿರಾಟ ನೋಡುತ್ತ ರೋಗಿಯ ಪಕ್ಕದಲ್ಲಿ ಒಬ್ಬ ದಾದಿ ಇರಬೇಕು. ಕುಡಿದು ಬಂದವರ ವಿಷಯದಲ್ಲಂತೂ ಈ ಎಚ್ಚರ ತಪ್ಪಲೇಕೂಡದು.