ಒಬ್ಬರಿಗೆ ನೇಮಕಾತಿ ಪತ್ರ, ಇನ್ನೊಬ್ಬರಿಗೆ ಕೈಗೆ ಕಾಸು: ಯಾಕೆ?

ಒಂದು ಹೊಲಿಗೆ ಘಟಕ ಅಂದುಕೊಳ್ಳಿ. ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್‌ಗೆ ನೇಮಕಾತಿ ಪತ್ರ ಇದೆ, ಸಂಬಳ ಬ್ಯಾಂಕಿಗೆ ಬೀಳುತ್ತದೆ, ರಜೆಗೂ ಲೆಕ್ಕವಿದೆ. ಅದೇ ಸೂರಿನಡಿ ಗುಂಡಿ ಹಾಕುವ ಹೆಣ್ಣುಮಗಳ ಹೆಸರು ಹಾಜರಿ ಪುಸ್ತಕದಲ್ಲೇ ಇಲ್ಲ. ವಾರಕ್ಕೊಮ್ಮೆ ಕೈಗೆ ದುಡ್ಡು, ಅಷ್ಟೇ. ಮಾಲೀಕ ಒಬ್ಬನೇ. ಹಾಗಾದರೆ ಈ ಎರಡು ರೀತಿ ಯಾಕೆ?

ಇದು ಎಲ್ಲೋ ಒಂದೆರಡು ಕಡೆಯ ಮಾತಲ್ಲ. ಸ್ವಂತ ಕಸುಬಿನವರೂ ಸೇರಿ ಜಗತ್ತಿನ ಸುಮಾರು 200 ಕೋಟಿ ಜನ, ಅಂದರೆ ದುಡಿಯುವವರಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಮಂದಿ, ಅನೌಪಚಾರಿಕ ಕೆಲಸದಲ್ಲಿದ್ದಾರೆ (ಕಾನೂನಿನ ಲೆಕ್ಕಕ್ಕೂ ರಕ್ಷಣೆಗೂ ಸಿಗದ ಕೆಲಸ) ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಅಂದಾಜು ಮಾಡಿತು. ಇವರಲ್ಲಿ ಎಲ್ಲರೂ ಸಣ್ಣಪುಟ್ಟ ಅಂಗಡಿಗಳಲ್ಲೇ ಇಲ್ಲ. ನೋಂದಣಿ ಮಾಡಿಸಿದ, ತೆರಿಗೆ ಕಟ್ಟುವ ಕಂಪನಿಗಳೂ ಕೆಲವರನ್ನು ಲೆಕ್ಕದ ಹೊರಗೆ ಇಟ್ಟುಕೊಳ್ಳುತ್ತವೆ. ಬ್ರೆಜಿಲ್‌ನಲ್ಲಿ ಅರ್ಥಶಾಸ್ತ್ರಜ್ಞರು ಇದನ್ನು ವಿವರವಾಗಿ ತೋರಿಸಿದ್ದಾರೆ.

ಮೊದಲು ಕಟಿಂಗ್ ಮಾಸ್ಟರ್ ವಿಷಯ ನೋಡೋಣ. ಅವನ ಕೈ ಒಮ್ಮೆ ತಪ್ಪಿದರೆ ಒಂದರ ಮೇಲೊಂದು ಹಾಸಿದ ಬಟ್ಟೆಯೆಲ್ಲ ಹಾಳು. ಯಾವ ಗಿರಾಕಿಗೆ ಯಾವ ಅಳತೆ, ಯಾವ ಬಟ್ಟೆ ಒಗೆದರೆ ಕುಗ್ಗುತ್ತದೆ, ಎಲ್ಲ ಅವನ ತಲೆಯಲ್ಲಿದೆ. ಅವನು ಬಿಟ್ಟುಹೋದರೆ ಹೊಸಬನನ್ನು ಹುಡುಕಬೇಕು, ಪಳಗಿಸಬೇಕು. ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲೇ ಇಂಥ ಖರ್ಚಿನ ಕಡೆ ಬೊಟ್ಟು ಮಾಡಿದ್ದರು: ಪ್ರತಿ ಸಲ ಜನ ಹುಡುಕಿ, ಚೌಕಾಸಿ ಮಾಡಿ, ಒಪ್ಪಂದಕ್ಕೆ ಬರುವುದಕ್ಕೂ ದುಡ್ಡು, ಸಮಯ ಬೇಕು. ಅದಕ್ಕೇ ಕಂಪನಿಗಳು ಜನರನ್ನು ಒಳಗೇ ಇಟ್ಟುಕೊಳ್ಳುತ್ತವೆ. ನೇಮಕಾತಿ ಪತ್ರ ಅವನನ್ನು ಹಿಡಿದಿಡುವ ಭರವಸೆ.

ಗುಂಡಿ ಹಾಕುವವಳ ಲೆಕ್ಕ ಬೇರೆ. ಆ ಜಾಗಕ್ಕೆ ನಾಳೆಯೇ ಬೇರೊಬ್ಬರು ಸಿಗುತ್ತಾರೆ. ಹೆಸರು ಬರೆದುಕೊಂಡರೆ ಪಿಂಚಣಿ, ಆರೋಗ್ಯ ವಿಮೆಗೆ ಮಾಲೀಕನ ಪಾಲು ಕಟ್ಟಬೇಕು. ಆರ್ಡರ್ ನಿಂತಾಗ ಕಳಿಸಬೇಕೆಂದರೆ ಪರಿಹಾರ ಕೊಡಬೇಕು. ಬರೆಯದಿದ್ದರೆ ಇದೊಂದೂ ಇಲ್ಲ, ಸಿಕ್ಕಿಬಿದ್ದರೆ ದಂಡ ಮಾತ್ರ. ಸಿಕ್ಕಿಬೀಳುವ ಭಯವೂ ಎಲ್ಲರಿಗೂ ಒಂದೇ ಅಲ್ಲ. ಹತ್ತು ಜನರ ಘಟಕ ಯಾರ ಕಣ್ಣಿಗೂ ಬೀಳುವುದಿಲ್ಲ. ದೊಡ್ಡ ಕಂಪನಿಗೆ ಬ್ಯಾಂಕ್ ಸಾಲ ಬೇಕು, ದೊಡ್ಡ ಗಿರಾಕಿಗಳು ಬೇಕು, ಅವರೆಲ್ಲ ಕಾಗದ ಕೇಳುತ್ತಾರೆ.

ನಿಯಮ ಬಿಗಿಯಾಗುವ ಗೆರೆ ಎಲ್ಲಿದೆಯೋ ಅಲ್ಲೇ ಮಾಲೀಕರು ನಿಂತುಬಿಡುವುದೂ ಉಂಟು. ಫ್ರಾನ್ಸಿನಲ್ಲಿ 50 ಕೆಲಸಗಾರರಾದರೆ ಹಲವು ಹೊಸ ಹೊಣೆ ಬರುತ್ತದೆ. ಅಲ್ಲಿ 49ಕ್ಕೆ ನಿಂತ ಕಂಪನಿಗಳ ಸಂಖ್ಯೆ ಎದ್ದು ಕಾಣುವಷ್ಟು ಜಾಸ್ತಿ.

ಆದರೆ ನನಗೆ ಮುಖ್ಯ ಅನಿಸುವುದು ಈ ಉಳಿತಾಯ ಯಾರ ತಲೆಗೆ ಬೀಳುತ್ತದೆ ಅನ್ನುವುದು. ಆರ್ಡರ್ ಕಡಿಮೆಯಾಗುವ ಅಪಾಯ ಎಲ್ಲೂ ಮಾಯವಾಗಲಿಲ್ಲ, ಮಾಲೀಕನಿಂದ ಆ ಹೆಣ್ಣುಮಗಳ ಮನೆಗೆ ದಾಟಿತು. ಬೆರಳಿಗೆ ಸೂಜಿ ಚುಚ್ಚಿದರೆ ಔಷಧಿ ಖರ್ಚು ಅವಳದು. ಆ ವಾರದ ಕೂಲಿಯೂ ಹೋಯಿತು. "ಅವಳೇ ಕೈಗೆ ಕೊಡಿ ಅಂದಳು" ಅಂತ ಮಾಲೀಕರು ಹೇಳುವುದುಂಟು. ಇರಬಹುದು. ಎಂದೋ ಬರುವ ಪಿಂಚಣಿಗಿಂತ ಇವತ್ತಿನ ಕಾಸು ಅವಳಿಗೆ ಬೇಕು. ಬೇರೆ ದಾರಿ ಇಲ್ಲದವರ ಒಪ್ಪಿಗೆಯನ್ನು ಆಯ್ಕೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಲೆಕ್ಕ ಬದಲಾದರೆ ಮಾಲೀಕರೂ ಬದಲಾಗುತ್ತಾರೆ ಅನ್ನುವುದಕ್ಕೆ ಕೊಲಂಬಿಯಾ ಒಳ್ಳೆಯ ಉದಾಹರಣೆ. 2012ರ ಕಾನೂನಿನಲ್ಲಿ ಆ ದೇಶ ಬಹುಪಾಲು ಕೆಲಸಗಾರರ ಸಂಬಳದ ಮೇಲೆ ಮಾಲೀಕರು ಕಟ್ಟುತ್ತಿದ್ದ ಮೊತ್ತವನ್ನು ಸಂಬಳದ ಶೇ. 13.5ರಷ್ಟು ಇಳಿಸಿತು. ಆ ಹಣವನ್ನು ಕಂಪನಿಗಳ ಲಾಭದ ಮೇಲಿನ ತೆರಿಗೆಯಿಂದ ತುಂಬಿಕೊಂಡಿತು. ಇನ್ನೊಬ್ಬರ ಹೆಸರು ಪುಸ್ತಕಕ್ಕೆ ಸೇರಿಸಿದರೆ ಮೊದಲಿನಷ್ಟು ಹೊರೆ ಬೀಳಲಿಲ್ಲ. ಮುಂದಿನ ವರ್ಷಗಳಲ್ಲಿ ಲೆಕ್ಕಕ್ಕೆ ಸಿಗುವ ಕೆಲಸಗಳು ಹೆಚ್ಚಾದವು. ಆರ್ಡರ್ ನಿಂತುಹೋಗುವ ಭಯವನ್ನು ಮಾತ್ರ ಈ ಕಾನೂನು ಮುಟ್ಟಲಿಲ್ಲ. ಕೆಲಸವಿಲ್ಲದ ತಿಂಗಳುಗಳ ಹೊರೆಯನ್ನು ಮಾಲೀಕ, ಕೆಲಸಗಾರ, ಸರ್ಕಾರ ಹೇಗೆ ಹಂಚಿಕೊಳ್ಳಬೇಕು ಅನ್ನುವುದನ್ನು ಬೇರೆಯಾಗಿಯೇ ಬಗೆಹರಿಸಬೇಕು.